ಷರಾ

ಮಂಗಳವಾರ ಮೂರರಿಂದ ನಾಲ್ಕು.
ನನ್ನ ಕೆಲಸ ಮೂಲೆಯ ಕುರ್ಚಿಯಲ್ಲಿ ಕೂತು
ನೋಡದವಳ ಹಾಗೆ ನೋಡುವುದು,
ವಹಿಯಲ್ಲಿ ಬರೆಯುವುದು:
ಬಂದ ವೇಳೆ, ಹೋದ ವೇಳೆ, ಎತ್ತಿಕೊಂಡರೇ, ಹಾಲು ಕುಡಿಸಿದರೇ,
ಅತ್ತರೇ.
ಯಾರು ಎಂದು ಆ ಕಾಲಮ್ಮು ಕೇಳುವುದಿಲ್ಲ.

ಕೌಲ್‌ಬಜಾರಿನಿಂದ ವಹೀದಾ ಆಟೋದಲ್ಲಿ ತರುತ್ತಾಳೆ ಕೂಸನ್ನು,
ಒದ್ದೆ ಟವೆಲ್ಲು ಹೊದಿಸಿ. ಹೊರಗೆ ಬಳ್ಳಾರಿ,
ಏಪ್ರಿಲ್ಲು; ಗುಡ್ಡದ ಬಂಡೆ ರಾತ್ರಿಗೂ ಆರುವುದಿಲ್ಲ.
ಅವಳದು ಸಾಕುವ ಮನೆ. ಇದು ನಾಲ್ಕನೆಯ ಕೂಸು.
ಹೆಸರಿಡಬೇಡ ಎಂದಿದ್ದೇವೆ; ಗುಬ್ಬಿ ಅನ್ನುತ್ತಾಳೆ,
ಅದು ಹೆಸರಲ್ಲವಂತೆ.

ಸುಂಕಮ್ಮ ನಡೆದೇ ಬರುತ್ತಾಳೆ.
ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಜೇಬು ಕೂಡಿಸುವವಳು,
ಜೇಬಿಗೆ ಇಷ್ಟು ಎಂದು ಲೆಕ್ಕ,
ಒಂದು ತಾಸು ಇಲ್ಲಿ ಕೂತರೆ ಮೂವತ್ತು ಜೇಬು ಹೋಯಿತು.
ಹತ್ತೊಂಬತ್ತು ವರ್ಷ. ಉಗುರಿನ ಸಂದಿಯೆಲ್ಲ ನೀಲಿ.
ಒಪ್ಪಿಸುವ ದಿನ ಸಮಿತಿಯ ಗುಮಾಸ್ತರು
ಇಂಕಿನ ಪ್ಯಾಡು ಮುಂದೆ ತಳ್ಳಿದ್ದರು, ಹೆಬ್ಬೆಟ್ಟಿಗೆ.
"ಏಳನೇ ಕ್ಲಾಸ್ ಓದೀನ್ರಿ" ಎಂದು ಪೆನ್ನು ಕೇಳಿ
ಹೆಸರು ಬರೆದಳು, ಒತ್ತು ಬಿಡದೆ.
ಮನಸ್ಸು ತಿರುಗಲು ಕಾನೂನು ಕೊಡುವುದು ಅರವತ್ತು ದಿನ.
ಅರವತ್ತರಲ್ಲಿ ಮಂಗಳವಾರ ಎಂಟು.

ಮೊದಲ ವಾರ ಕೂಸು ಕಿರುಚಿ ಕಿರುಚಿ ಕೆಂಪಾಯಿತು.
ಅದಕ್ಕೆ ಗೊತ್ತಿದ್ದುದು ವಹೀದಾಳ ಕುತ್ತಿಗೆಯ ವಾಸನೆ.
ಸುಂಕಮ್ಮ ನನ್ನ ಕಡೆ ನೋಡಿದಳು, ನಾನು ಗಡಿಯಾರದ ಕಡೆ.
ವಹೀದಾ ಎದ್ದಳು: "ಹೆಗಲ ಮ್ಯಾಲೆ ಹಾಕ್ಕೊ.
ಬೆನ್ನಲ್ಲ, ಕುಂಡಿ ತಟ್ಟು, ಮೆಲ್ಲಗ.
ಮೂರು ತಟ್ಟು, ಒಂದು ಬಿಡು."
ಹೇಳಿಕೊಟ್ಟು ಹೊರಗೆ ಹೋಗಿ ಬೇವಿನ ಕೆಳಗೆ ನಿಂತಳು,
ತನ್ನ ದನಿ ಕೂಸಿಗೆ ಕೇಳದಷ್ಟು ದೂರ.
ಅದನ್ನು ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಮೂರನೆಯ ವಾರ ಬಿಳಿ ಜಬಲಾದ ಮೇಲೆ ನೀಲಿ ಹೆಬ್ಬೆಟ್ಟು,
ಬೆನ್ನ ನಡುವೆ, ಗೆರೆಗೆರೆ ಎಣಿಸಬಹುದು.
ನರ್ಸು ಗೊಣಗಿದಳು. ನಾನೂ ಬರೆದೆ: ಸ್ವಚ್ಛತೆ ಗಮನಿಸಬೇಕು.
ಓದಿ ಹೇಳಿದೆ ಕೂಡ.
ನಾಲ್ಕನೆಯ ವಾರ ಅವಳ ಕೈ ಬಿಳಚಿಕೊಂಡಿತ್ತು.
ಬ್ಲೀಚಿನ ನೀರಲ್ಲಿ ಅದ್ದಿ ಉಜ್ಜಿದ್ದಳು,
ಬೆರಳ ತುದಿ ಸುಲಿದು ಹಾಲಿನ ಬಾಟಲಿ ಹಿಡಿಯಲಾರಳು.
ವಹೀದಾ ನನ್ನನ್ನೊಮ್ಮೆ ನೋಡಿದಳು.
"ನೀಲಿ ಆದ್ರ ಆಗ್ಲಿ ಬಿಡು. ಬಟ್ಟಿ ತೊಳಿಯಾಕಿ ನಾನು."

ಗಾದಿಲಿಂಗ ಬಂದದ್ದು ಒಮ್ಮೆ. ಅದಿರಿನ ಲಾರಿಯ ಕ್ಲೀನರು,
ಕೂದಲಲ್ಲಿ ಸಂಡೂರಿನ ಕೆಂಪು ಧೂಳು.
ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟಿನೊಳಗೇ ನಿಂತು
"ಕಿವಿ ನಮ್ಮವ್ವಂದು" ಎಂದ.
ಹನ್ನೊಂದು ನಿಮಿಷ. ಷರಾ: ಸಂಪರ್ಕವಿಲ್ಲ.
ಹೊಡೆದುಹಾಕಿದೆ. ಮತ್ತೆ ಅದನ್ನೇ ಬರೆದೆ.

ಎಂಟನೆಯ ಮಂಗಳವಾರ ಕೂಸು ನಕ್ಕಿತು.
ಯಾರನ್ನು ನೋಡಿಯೋ, ಮೇಲೆ ಫ್ಯಾನೂ ತಿರುಗುತ್ತಿತ್ತು.
ಸುಂಕಮ್ಮ ಮೇಲೆ ನೋಡಲಿಲ್ಲ,
ತನಗೇ ಎಂದು ಇಟ್ಟುಕೊಂಡಳು.
ಮೂರು ತಟ್ಟಿ, ಒಂದು ಬಿಟ್ಟು, ಮಲಗಿಸಿದಳು.
ಆಮೇಲೆ: "ಅವರು ಕಾರಿನ್ಯಾಗ ಬರ್ತಾರೇನ್ರಿ?"
ಹೇಳುವಂತಿಲ್ಲ ಎಂದೆ.
"ಕಿಡಕಿ ಹಾಕ್ಕೋರಿ ಅಂತ ಹೇಳ್ರಿ. ಇದಕ್ಕ ಗಾಳಿ ಆಗಂಗಿಲ್ಲ."
ವಹಿಗೆ ಸಹಿ ಹಾಕಿ ಶೆಡ್ಡಿಗೆ ಹೋದಳು,
ಇನ್ನೂ ಎಂಬತ್ತು ಜೇಬು ಬಾಕಿ ಇತ್ತಂತೆ.

ಅರವತ್ತು ಕಳೆಯಿತು. ಕಾಗದ ಹಿಂದಕ್ಕೆ ಕೇಳಲಿಲ್ಲ.

ಕೂಸನ್ನು ಕಳಿಸುವ ದಿನ ಸಾಮಾನಿನ ಪಟ್ಟಿ ನಾನೇ ಮಾಡಿದ್ದು:
ಬಾಟಲಿ ಎರಡು, ಲಸಿಕೆ ಕಾರ್ಡು, ಗಿಲಕಿ,
ಜಬಲಾ ಹೊಸದು ಮೂರು,
ಜಬಲಾ ಹಳೆಯದು ಒಂದು.
ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.
ಇದ್ಯಾಕೆ, ಕಲೆ ಇದೆಯಲ್ಲ, ತೊಳೆಯಲಿಲ್ಲವೇ?
ವಹೀದಾ ಹೊರಗೆ ಬೇವಿನ ಕೆಳಗಿದ್ದಳು.
ತೊಳೆದಿದ್ದೇವೆ ಸರ್, ಎಂದೆ,
ಹೋಗಲಿಲ್ಲ.